ಕೋಳಿ ನಿಂತ ಮಧ್ಯಾಹ್ನ

ಆ ತಿಂಗಳು ಒಂದೂ ಹೊಸ ಆಟಿಕೆ ಮಾಡಬಾರದೆಂದು ಕಲಾವತಿ ತೀರ್ಮಾನಿಸಿದ್ದಳು. ಹಳೆಯವನ್ನು ರಿಪೇರಿ ಮಾಡುವುದರಲ್ಲೇ ದಿನ ಕಳೆದುಹೋಗುತ್ತಿತ್ತು.

ಮೂಡಲಪಾಳ್ಯದ ಆ ಸಣ್ಣ ಕೇಂದ್ರಕ್ಕೆ ಇಪ್ಪತ್ತೆರಡು ಮಕ್ಕಳು ಬರುತ್ತಿದ್ದರು. ಕೈಕಾಲು ಸ್ವಾಧೀನವಿಲ್ಲದವರು, ಮಾತು ಬಾರದವರು. ಅವರಿಗಾಗಿ ಕಲಾವತಿ ಗುಜರಿ ಸಾಮಾನಿನಿಂದ ಆಟಿಕೆ ಮಾಡುತ್ತಿದ್ದಳು. ಊಟದ ತಟ್ಟೆಯಷ್ಟು ಅಗಲದ ಸ್ವಿಚ್ಚಿನ ಮೇಲೆ ಅಂಗೈ ಬಿದ್ದರೆ ಸಾಕು, ಡಬ್ಬಿಯ ಕಪ್ಪೆ ನೆಗೆಯುತ್ತಿತ್ತು, ಬಾಟಲಿ ಮುಚ್ಚಳಗಳ ರಾಟೆ ತಿರುಗುತ್ತಿತ್ತು. ಅಥಣಿಯಲ್ಲಿ ಡಿಪ್ಲೊಮಾ ಮಾಡಿ, ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷ ಸೋಲ್ಡರಿಂಗ್ ಮಾಡಿದವಳು ಅವಳು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಮೊದಲೆರಡು ವರ್ಷ ಮನೆಗೆ ಹೋದ ಮೇಲೂ ಹೊಸ ಆಟಿಕೆಯದೇ ಯೋಚನೆ. ಈಗ ಬಲ ಭುಜ ಎತ್ತಿದರೆ ನೋವು. ಬೆಳಿಗ್ಗೆ ಸರಿ ಮಾಡಿದ್ದು ಮಧ್ಯಾಹ್ನಕ್ಕೆ ಮತ್ತೆ ಮೇಜಿಗೆ ಬರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಸೋಲಿಸಿದ್ದು ತನ್ಮಯಿ. ಎಂಟು ವರ್ಷದ ಹುಡುಗಿ. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ ತಾನಾಗಿ ಸ್ವಿಚ್ ಒತ್ತಿರಲಿಲ್ಲ. ಕೈ ಹಿಡಿದು ಒತ್ತಿಸಿದರೆ ಮುಖ ತಿರುಗಿಸುತ್ತಿದ್ದಳು, ಸದ್ದು ಜೋರಾದರೆ ಚೀರುತ್ತಿದ್ದಳು. ‘ಆಟಿಕೆಗಳಲ್ಲಿ ಆಸಕ್ತಿಯಿಲ್ಲ’ ಎಂದು ಅವಳ ಫೈಲಿನಲ್ಲಿ ಬರೆದು ಬಹಳ ಕಾಲವಾಗಿತ್ತು. ಅವಳ ತಾಯಿ ದಿವ್ಯ ಹೊಸಹಳ್ಳಿಯಿಂದ ಆಟೋದಲ್ಲಿ ಕರೆತಂದು, ಕೇಂದ್ರ ಮುಗಿಯುವ ತನಕ ಹೊರಗಿನ ಬೆಂಚಿನ ಮೇಲೆ ಕೂತು, ಯಾರದೋ ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದಳು.

ಒಂದು ಮಂಗಳವಾರ ಗೂಳಪ್ಪ ಹಾಳಾದ ಮೈಕ್ರೋವೇವ್ ಓವನ್ ಒಂದನ್ನು ಹೆಗಲ ಮೇಲೆ ಹೊತ್ತು ತಂದ. ಪಕ್ಕದ ಬೀದಿಯ ಒಣಕಸದ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅವನು ಕಲಾವತಿಯ ಊರ ಕಡೆಯವನೇ.

“ಬ್ಯಾಡ್ರಿ ಅಣ್ಣಾರ, ಇಡಾಕ ಜಾಗಾ ಇಲ್ಲ.”

“ಹೊತ್ಕೊಂಡ್ ಬಂದೀನಲ್ರೀ ಅಕ್ಕಾರ. ಒಳಗ ಛಲೋ ಸ್ವಿಚ್ ಅದಾವು, ನೋಡ್ರಿ.”

ಹೊತ್ತು ತಂದವನಿಗೆ ಮತ್ತೆ ಬೇಡವೆನ್ನಲು ಆಗಲಿಲ್ಲ. ಓವನ್ನಿನ ಬಾಗಿಲ ಬಳಿಯಿಂದ ಪುಟ್ಟ ಸ್ವಿಚ್ಚೊಂದನ್ನು ಕಿತ್ತು, ಕೆಟ್ಟು ಬಿದ್ದಿದ್ದ ಕೋಳಿಯ ಅಗಲ ತಟ್ಟೆಯಡಿಗೆ ಜೋಡಿಸಲು ಕೂತಳು. ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಕತ್ತರಿಸಿದ ಕೋಳಿ ಅದು. ಹಳೇ ಕಂಪ್ಯೂಟರಿನ ಸಿ.ಡಿ. ಡ್ರೈವಿನ ಮೋಟಾರು ತಿರುಗಿದಾಗ ಪಾಲಿಶ್ ಡಬ್ಬಿಯ ಮುಚ್ಚಳವನ್ನು ಟಕ್ ಟಕ್ ಎಂದು ಕುಕ್ಕುತ್ತಿತ್ತು. ಸ್ವಿಚ್ಚಿಗೆ ವೈರು ಬೆಸೆಯಲು ಮೂರು ತಗಡಿನ ಕಾಲು. ಯಾವ ಕಾಲಿಗೆ ವೈರು ಕೂರಿಸುತ್ತಿದ್ದೇನೆಂದು ನೋಡುವ ತಾಳ್ಮೆಯೂ ಅವಳಿಗಿರಲಿಲ್ಲ. ಬೆಸುಗೆ ಹಾಕಿ ಸೆಲ್ ಕೂರಿಸಿದ್ದೇ ತಡ, ಯಾರೂ ಮುಟ್ಟದೆ ಕೋಳಿ ಕುಕ್ಕಲು ಶುರುಮಾಡಿತು.

ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಒಂದು ಮಗುವಿಗೆ ಫಿಟ್ಸ್ ಬಂತೆಂದು ಕೂಗಿದರು. ಕಲಾವತಿ ಕೈಯಲ್ಲಿದ್ದ ಕೋಳಿಯನ್ನು ಹತ್ತಿರದ ಮೇಜಿನ ಮೇಲಿಟ್ಟು ಓಡಿದಳು. ಅದು ತನ್ಮಯಿಯ ಮೇಜು.

ಆ ಮಗು ಸುಧಾರಿಸಿಕೊಂಡ ಮೇಲೆ, ಹತ್ತು ನಿಮಿಷ ಬಿಟ್ಟು ಬಂದಾಗ ಕೋಳಿಯ ಸದ್ದಿರಲಿಲ್ಲ. ಸೆಲ್ ಮುಗಿದಿರಬೇಕೆಂದುಕೊಂಡು ಬಗ್ಗಿ ನೋಡಿದಳು. ತನ್ಮಯಿಯ ಅಂಗೈ ಸ್ವಿಚ್ಚಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಕೈ ಜಾರಿತು, ಕೋಳಿ ಟಕ್ ಟಕ್ ಎಂದಿತು. ಹುಡುಗಿಯ ಭುಜ ನಡುಗಿತು. ಮೊಣಕೈ ಮೆಲ್ಲಗೆ ಮೇಲೆದ್ದು, ಅತ್ತಿತ್ತ ತೂಗಾಡಿ, ಕೈ ಮತ್ತೆ ಸ್ವಿಚ್ಚಿನ ಮೇಲೆ ಬಿತ್ತು. ಕೋಳಿ ನಿಂತಿತು. ತನ್ಮಯಿ ಮುಖ ತಿರುಗಿಸಿರಲಿಲ್ಲ. ಕೋಳಿಯನ್ನೇ ನೋಡುತ್ತಿದ್ದಳು.

ಕಲಾವತಿ ನಿಂತಲ್ಲೇ ನಿಂತು, ಅವಳು ಕೋಳಿ ನಿಲ್ಲಿಸಿದ್ದನ್ನು ಐದು ಸಲ ಎಣಿಸಿದಳು. ಆಮೇಲೆ ಬಾಗಿಲಿಗೆ ಬಂದು ಕರೆದಳು.

“ದಿವ್ಯಾ ಅವ್ರ, ಒಳಗ ಬರ್ರಿ ಸ್ವಲ್ಪ.”

“ಯಾಕ್ ಮೇಡಂ, ವಾಂತಿ ಮಾಡ್ಕೊಂಡ್ಲಾ?”

“ಇಲ್ರಿ. ಸುಮ್ಮನ ನಿಂತು ನೋಡ್ರಿ.”

ದಿವ್ಯ ನೋಡಿದಳು. ಮೊದಲಿಗೆ ಅವಳಿಗೆ ತಿಳಿಯಲಿಲ್ಲ. “ಕೆಟ್ಟೋಗಿದ್ಯಲ್ವಾ ಮೇಡಂ ಇದು? ಒತ್ತಿದ್ರೆ ನಿಂತೋಗ್ತಿದೆ.”

“ನಾನ ವೈರ್ ತಪ್ಪ ಕಾಲಿಗೆ ಜೋಡ್ಸೀನ್ರಿ, ಉಲ್ಟಾ ಆಗೇತಿ. ಆದ್ರ ಈಕಿಗೆ ಅದನ್ನ ನಿಲ್ಲಸೋದು ಬೇಕಾಗೇತಿ ನೋಡ್ರಿ.”

ದಿವ್ಯ ಮಗಳ ಪಕ್ಕ ಮಂಡಿಯೂರಿ ಕೂತಳು. ಅವಳ ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: “ಊಟ ಮಾಡ್ಸೋವಾಗ ತಲೆ ಹಿಂದಕ್ಕೆ ಎಸೀತಾಳೆ ಮೇಡಂ. ಹಟ ಅಂದ್ಕೊಂಡು ಕೆನ್ನೆ ಹಿಡ್ಕೊಂಡು ತುರುಕ್ತೀನಿ. ದಿನಾ ಒಂದೊಂದು ಗಂಟೆ. ಇಬ್ರೂ ಅಳ್ತೀವಿ.”

ಕಲಾವತಿ ಕೋಳಿಯತ್ತ ಕೈ ತೋರಿಸಿ, “ಇದನ್ನ ಮನಿಗೆ ಒಯ್ರಿ. ಊಟಕ್ಕ ಕುಂತಾಗ ಮುಂದ ಇಡ್ರಿ. ಕೋಳಿ ನಿಂತ್ರ ನೀವೂ ಚಮಚಾ ಕೆಳಗಿಡ್ರಿ. ಆಕಿ ಕೈ ತಗದ ಮ್ಯಾಲ ಮತ್ತ ಕೊಡ್ರಿ” ಎಂದಳು.

“ತೆಗೀಲೇ ಇಲ್ಲ ಅಂದ್ರೆ?”

“ಕಾಯ್ರಿ.”

ಹೇಳುವುದು ಸುಲಭವಿತ್ತು. ಮೊದಲ ದಿನ ತನ್ಮಯಿ ಮೂರು ಚಮಚಕ್ಕೇ ಕೋಳಿ ನಿಲ್ಲಿಸಿ ಕೈ ತೆಗೆಯಲೇ ಇಲ್ಲ. ಎರಡನೇ ದಿನವೂ ಅಷ್ಟೇ. ದಿವ್ಯಳ ಅತ್ತೆ ವೆಂಕಟಲಕ್ಷ್ಮಮ್ಮ, “ಗುಜರಿ ಗೊಂಬೆ ಮಾತು ಕೇಳ್ಕೊಂಡು ಮಗೂನ ಉಪವಾಸ ಕೆಡವ್ತೀಯೇನೇ?” ಎಂದು ಬೈದರು. ಮೂರನೇ ದಿನ ದಿವ್ಯ ಫೋನ್ ಮಾಡಿ ಅತ್ತಳು. ಕಲಾವತಿಗೂ ಭಯವಾಯಿತು. ಕೇಂದ್ರಕ್ಕೆ ಬರುವ ಡಾಕ್ಟರನ್ನು ಕೇಳಿದಳು. ಅವರು ಮಗುವನ್ನು ಪರೀಕ್ಷಿಸಿ ತೂಕ ನೋಡಿ, ನೀರು, ಹಾಲು ಕುಡಿಯುತ್ತಿದ್ದರೆ ಇನ್ನೆರಡು ದಿನ ನೋಡೋಣ ಎಂದರು. ಆ ಎರಡು ದಿನ ಕಲಾವತಿಯ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಏನೋ ಕಂಡುಬಿಟ್ಟೆನೆಂದು ಆ ತಾಯಿಗೆ ಹೇಳಬಾರದಿತ್ತು ಅನ್ನಿಸಿತು.

ಆರನೆಯ ದಿನ ತನ್ಮಯಿ ನಾಲ್ಕನೇ ಚಮಚಕ್ಕೆ ಕೋಳಿ ನಿಲ್ಲಿಸಿದಳು. ಎರಡು ನಿಮಿಷ ಹಾಗೇ ಇದ್ದಳು. ಆಮೇಲೆ ಕೈ ತೆಗೆದು, ಕೋಳಿ ಕುಕ್ಕಲು ಶುರುಮಾಡಿದ ಮೇಲೆ, ತಾನೇ ಬಾಯಿ ತೆರೆದಳು. ಅವಳು ಅಷ್ಟು ನಿಧಾನವಾಗಿ ನುಂಗುತ್ತಾಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರದ ಹೊತ್ತಿಗೆ ಬಟ್ಟಲು ಅನ್ನ-ಸಾರು ಮುಗಿಯುತ್ತಿತ್ತು. ಒಂದೂವರೆ ಗಂಟೆ ಹಿಡಿಯುತ್ತಿತ್ತು, ಆದರೆ ಅಳು ಇರಲಿಲ್ಲ.

ಸುದ್ದಿ ಉಳಿದ ತಾಯಂದಿರಿಗೂ ಮುಟ್ಟಿತು. ತಮ್ಮ ಮಕ್ಕಳಿಗೂ ನಿಲ್ಲಿಸುವಂಥದ್ದೊಂದು ಮಾಡಿಕೊಡಿ ಎಂದರು. ಕೆಲವು ಮಕ್ಕಳಿಗೆ ಅದು ಬೇಕಾಗಿತ್ತು, ಕೆಲವರಿಗೆ ಬೇಕಿರಲಿಲ್ಲ. ಯಾರಿಗೆ ಯಾವುದೆಂದು ತಿಳಿಯಲು ಒಬ್ಬೊಬ್ಬರ ಮುಂದೆಯೂ ಗಂಟೆಗಟ್ಟಲೆ ಕೂರಬೇಕಿತ್ತು. ಕಲಾವತಿ ಕೂತಳು. ಭುಜದ ನೋವು ಹಾಗೆಯೇ ಇತ್ತು.

ಒಂದು ಶುಕ್ರವಾರ ಮಧ್ಯಾಹ್ನ ತಾಯಿ ಮಗಳನ್ನು ಕರೆದೊಯ್ಯಲು ಬಂದ ಆಟೋದವನು ಗೇಟಿನ ಹೊರಗೆ ಹಾರ್ನ್ ಹೊಡೆದ. ಕಲಾವತಿ ಹೊರಗೆ ಬಂದು ನೋಡಿದರೆ ದಿವ್ಯ ಬೆಂಚಿನ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಆಟೋದವನು ಇನ್ನೊಂದು ಸಲ ಹಾರ್ನಿಗೆ ಕೈ ಹಾಕುವಷ್ಟರಲ್ಲಿ ಕಲಾವತಿ ಗೇಟಿಗೆ ಹೋದಳು.

“ಅಣ್ಣಾ, ಹತ್ ನಿಮಿಷ ನಿಲ್ರಿ. ಅವ್ರು ಮಲಗ್ಯಾರ.”

ಅವನು ಒಳಗೆ ಇಣುಕಿ ನೋಡಿ ಎಂಜಿನ್ ಆಫ್ ಮಾಡಿದ.