ಮನೆಯವರಿಗೆ ವಿನಾಯಿತಿ

ನಾನು ಅನುವಾದಕ. ಜನನಪತ್ರ, ಅಂಕಪಟ್ಟಿ, ವಿಚ್ಛೇದನದ ತೀರ್ಪು, ಏನೇ ಕೊಡಿ, ಒಂದು ಅಲ್ಪವಿರಾಮವೂ ಆಚೀಚೆ ಆಗದಂತೆ ಇನ್ನೊಂದು ಭಾಷೆಗೆ ದಾಟಿಸಿ, ಮೊಹರು ಒತ್ತಿ ಕೊಡುತ್ತೇನೆ. ಹಾಗಂತ ಹದಿಮೂರು ವರ್ಷದಿಂದ ನಾನೇ ಹೇಳಿಕೊಂಡು ತಿರುಗುತ್ತಿದ್ದೇನೆ. ಬೇರೆಯವರು ಹೇಳಿದ್ದು ಒಂದೇ ಸಲ, ನನ್ನ ತಂಗಿಯ ಊರಿನ ಅನುವಾದಕರ ಸಂಘದವರು ನನಗೊಂದು ಫಲಕ ಕೊಡುತ್ತೇವೆಂದು ಪತ್ರ ಬರೆದಾಗ. ಅದನ್ನು ಇಸಿದುಕೊಳ್ಳಲು, ಐದು ತಿಂಗಳ ಬಸುರಿ ಹೆಂಡತಿಯನ್ನು ಬಿಟ್ಟು, ಹತ್ತೇ ದಿನಕ್ಕೆಂದು ಗಡಿ ದಾಟಿ ತಂಗಿಯ ಮನೆಗೆ ಹೊರಟೆ.

"ಹೋಗ್ಲೇಬೇಕಾ? ಎಲ್ಲ ಕಡೆ ಕಾಯಿಲೆ ಹರಡ್ತಿದೆಯಂತೆ. ಅಂಚೇಲಿ ಕಳಿಸ್ತಾರೇನೋ ಕೇಳಿ" ಅಂದಳು ಹೆಂಡತಿ.

"ಅಂಚೇಲಿ ತರಿಸ್ಕೊಳ್ಳೋಕೆ ಅದೇನು ಕುಕ್ಕರ್ ಗ್ಯಾಸ್ಕೆಟ್ಟಾ?" ಎಂದೆ. ಎಂಥ ಮಾತಾಡಿದೆ ಮಹಾರಾಯ!

ನಾಲ್ಕನೆಯ ದಿನ ಸಮಾರಂಭ ರದ್ದಾಯಿತು, ಐದನೆಯ ದಿನ ಗಡಿ ಮುಚ್ಚಿತು. ಪಾಸ್‌ಪೋರ್ಟಿನಲ್ಲಿ ನಾವು ಸಂಸಾರ ಹೂಡಿದ್ದ ದೇಶದ, ಇನ್ನೂ ಎರಡು ವರ್ಷ ಬಾಳುವ ವೀಸಾ ಇತ್ತು. ಇದ್ದರೇನು, ಒಳಗೆ ಬಿಡುವುದು ನಾಗರಿಕರನ್ನು ಮಾತ್ರ ಅಂದರು. ಎರಡು ತಿಂಗಳು ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿಗೂ ಮುರಿದ ಸೈಕಲ್ಲಿಗೂ ನಡುವೆ ಮಲಗಿದೆ. ಆಮೇಲೆ ಹೊಸ ನಿಯಮ ಬಂತು: ಹೆಂಡತಿಯೋ ಗಂಡನೋ ಒಳಗಿದ್ದರೆ ವೀಸಾದಾರರಿಗೂ ವಿನಾಯಿತಿ. ಬಂದ ಮೇಲೆ ಹದಿನಾಲ್ಕು ದಿನ ಹೋಟೆಲಿನಲ್ಲಿ ಬಂದಿ. ಆದರೆ ಮದುವೆಯ ಪತ್ರವೊಂದೇ ಸಾಲದು. ಸಂಸಾರ ಈಗಲೂ ನಡೆಯುತ್ತಿದೆ ಎನ್ನುವುದಕ್ಕೆ ಆರು ತಿಂಗಳ ಸಂದೇಶಗಳನ್ನು ಅನುವಾದ ಮಾಡಿಸಿ, ಮೊಹರು ಹಾಕಿಸಿ ಕಳಿಸಬೇಕು. ಮೊಹರು ನನ್ನ ಚೀಲದಲ್ಲೇ ಇತ್ತು. ಕೆಲವರು ಪ್ರಯಾಣಕ್ಕೆ ಹಲ್ಲುಜ್ಜುವ ಬ್ರಷ್ ಒಯ್ಯುತ್ತಾರೆ, ನಾನು ಮೊಹರು ಒಯ್ಯುತ್ತೇನೆ.

"ಅಣ್ಣಾ, ಬೇರೆ ಯಾರ ಹತ್ರಾನಾದ್ರೂ ಮಾಡಿಸೋ" ಎಂದಳು ತಂಗಿ.

"ನನಗಿಂತ ಚೆನ್ನಾಗಿ ಮಾಡೋರು ಯಾರಿದ್ದಾರೆ ಹೇಳು?"

ಹೆಂಡತಿ ತನ್ನ ಫೋನಿನಿಂದ ಸಂದೇಶಗಳ ಚಿತ್ರ ತೆಗೆದು ಕಳಿಸಿದಳು. ಪ್ರತಿ ಹಾಳೆಯ ನೆತ್ತಿಯ ಮೇಲೂ, ನನ್ನ ಹೆಸರಿರಬೇಕಾದ ಕಡೆ, "ಮನೆಯವರು" ಎಂದಿತ್ತು. ಅವಳು ಎಲ್ಲೂ ನನ್ನ ಹೆಸರು ಹಿಡಿದವಳಲ್ಲ. 'ಗಂಡ' ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬರೀ ಗಂಡ ಎನ್ನುವುದರಲ್ಲಿ ಏನು ಗತ್ತಿದೆ? ಮೂಲದಲ್ಲಿ ಮನೆ ಇದೆ, ಯಜಮಾನಿಕೆಯ ವಾಸನೆ ಇದೆ, ಗೌರವದ ಬಹುವಚನ ಇದೆ. ಒಂದು ಗಂಟೆ ತಲೆ ಕೆರೆದುಕೊಂಡು, ಆ ದೇಶದ ಭಾಷೆಯಲ್ಲಿ 'ಮನೆಯ ಮಾಲೀಕರು' ಎಂಬರ್ಥ ಬರುವ ಮಾತು ಹಾಕಿದೆ. ಹಾಕಿ, ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇಪ್ಪತ್ತೆರಡು ದಿನ ಕಾಯಿಸಿ ಅರ್ಜಿ ತಿರಸ್ಕರಿಸಿದರು. ಕಾಗದವನ್ನು ತಂಗಿಯೇ ಗಟ್ಟಿಯಾಗಿ ಓದಿದಳು. ಬಾಡಿಗೆದಾರರನ್ನು ನೋಡಲು ಮನೆ ಮಾಲೀಕರಿಗೆ ವಿನಾಯಿತಿ ಇಲ್ಲ. ಸಂದೇಶಗಳಲ್ಲಿ ದಾಂಪತ್ಯದ ಸುಳಿವು ಕಾಣುವುದಿಲ್ಲ. ದುರಸ್ತಿಯ ದೂರುಗಳಿಗೆ ಮಾಲೀಕರು ಸ್ಪಂದಿಸಿದಂತಿಲ್ಲ, ಆದರೆ ಅದು ಈ ಕಚೇರಿಯ ವ್ಯಾಪ್ತಿಗೆ ಸೇರಿದ್ದಲ್ಲ.

ಸಂದೇಶಗಳನ್ನು ತೆರೆದು ನೋಡಿದೆ. "ನಲ್ಲಿ ಸೋರ್ತಿದೆ, ಯಾವಾಗ ನೋಡ್ತೀರಿ?" "ನಾಳೆ." "ಬಚ್ಚಲ ಬಲ್ಬು ಹೋಗಿ ವಾರ ಆಯ್ತು." "ನೋಡೋಣ." ನಾನು ಹೊರಡುವ ತನಕವೂ ಅದೇ ರಾಮಾಯಣ. ಆ ಕಚೇರಿಯವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಬರೆಯುತ್ತಿದ್ದೆ.

ಫೋನಿನಲ್ಲಿ ಹೇಳಿದಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, "ನನಗೇನಾಗಿದೆ, ಆರಾಮಾಗಿದ್ದೀನಿ. ನೀವು ನಿಧಾನವಾಗಿ ಬನ್ನಿ" ಎಂದಳು. ಸುಮಾರು ಮೂರು ತಿಂಗಳಿಂದ ದಿನಾ ಹೇಳುತ್ತಿದ್ದ, ಸಂದೇಶಗಳಲ್ಲೂ ಬರೆಯುತ್ತಿದ್ದ ಮಾತೇ ಅದು.

"ನೋಡಿದೆಯಾ, ನಿಮ್ಮತ್ತಿಗೆ ಎಷ್ಟು ಗಟ್ಟಿ!" ಎಂದು ತಂಗಿಯ ಹತ್ತಿರ ಜಂಬ ಕೊಚ್ಚಿದೆ.

ತಂಗಿ ನನ್ನ ಮುಖವನ್ನೇ ನೋಡಿದಳು. "ಅಣ್ಣಾ, ನಿಂಗೆ ನಿಜವಾಗ್ಲೂ ಕನ್ನಡ ಬರುತ್ತಾ?"

ಎರಡನೆಯ ಅರ್ಜಿಯಲ್ಲಿ ನಾಚಿಕೆ ಬಿಟ್ಟು 'ಗಂಡ' ಎಂದೇ ಬರೆದೆ. ಎರಡು ವಾರದ ಮೇಲೆ ಫೋನಿನಲ್ಲೇ ವಿಚಾರಣೆ ಇಟ್ಟರು. ಅಧಿಕಾರಿ, ಕಚೇರಿಯ ಕಡೆಯಿಂದ ಒಬ್ಬ ದುಭಾಷಿ ಹೆಂಗಸು, ಹೆಂಡತಿ, ನಾನು. ಕೇಳುವ ತನಕ ತುಟಿ ಬಿಚ್ಚಬಾರದು ಎಂದು ನನಗೆ ಮೊದಲೇ ತಾಕೀತಾಗಿತ್ತು.

"ಮಾಲೀಕರು ಅಲ್ಲ, ಗಂಡ. ಅದು ಸರಿ" ಎಂದ ಅಧಿಕಾರಿ. "ಆದರೆ ತುರ್ತು ಏನಿದೆ? 'ಆರಾಮಾಗಿದ್ದೀನಿ, ನಿಧಾನವಾಗಿ ಬನ್ನಿ' ಅಂತ ಆಕೆ ಹತ್ತೊಂಬತ್ತು ಸಲ ಬರೆದಿದ್ದಾರೆ. ಅನುವಾದ ನಿಮ್ಮದೇ."

ನನ್ನದೇ. ಪದಕ್ಕೆ ಪದ, ತಪ್ಪಿಲ್ಲದ ಅನುವಾದ. ದುಭಾಷಿ ಅದನ್ನು ಹೆಂಡತಿಗೆ ಕೇಳಿದಳು.

"ಅವರಿಗೆ ಗಾಬರಿ ಆಗ್ಬಾರ್ದು ಅಂತ ಹಾಗೆ ಹೇಳ್ತಿದ್ದೆ ಅಮ್ಮಾ. ಆರಾಮಿಲ್ಲ ನಾನು. ಕಾಲು ಊದ್ಕೊಂಡು ಚಪ್ಪಲಿ ಹಿಡಿಸಲ್ಲ. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದೆ, ಯಾರಿಗೂ ಹೇಳಿಲ್ಲ. ಹೆರಿಗೆಗೆ ಒಬ್ಬಳೇ ಹೋಗ್ಬೇಕಲ್ಲ ಅಂತ ನೆನೆಸ್ಕೊಂಡ್ರೆ ಕೈಕಾಲು ತಣ್ಣಗಾಗುತ್ತೆ. ಬೇಗ ಕಳಿಸ್ಕೊಡಿ ಅಂತ ಹೇಳಮ್ಮಾ ಆ ಸಾಹೇಬ್ರಿಗೆ."

ದುಭಾಷಿ ಒಂದೊಂದೇ ಮಾತನ್ನು ಮೆಲ್ಲಗೆ ದಾಟಿಸಿದಳು. ತುಂಬ ಚೆನ್ನಾಗಿ ದಾಟಿಸಿದಳು. ನಾನು ಮುರಿದ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು, ಸದ್ದು ಆಚೆ ಹೋಗದ ಹಾಗೆ ಬಾಯಿ ಮುಚ್ಚಿಕೊಂಡು ಅತ್ತೆ. ನೀವು ಏನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ಕೇಳಿದ. ಹದಿಮೂರು ವರ್ಷ ಮಾತನ್ನೇ ಉಂಡು ಬದುಕಿದವನಿಗೆ "ಇಲ್ಲ ಸಾರ್" ಎನ್ನುವುದು ಬಿಟ್ಟು ಏನೂ ಹೊಳೆಯಲಿಲ್ಲ.

ಮೂರನೆಯ ದಿನ ಒಪ್ಪಿಗೆ ಬಂತು, ಮುಂದಿನ ವಾರ ವಿಮಾನ ಸಿಕ್ಕಿತು. ಹೋಟೆಲಿನ ಕಿಟಕಿಯಿಂದ ನೋಡಿದರೆ ನಮ್ಮ ಬೀದಿಯ ನೀರಿನ ಟ್ಯಾಂಕ್ ಕಾಣುತ್ತಿತ್ತು. ನಡೆದರೆ ಮುಕ್ಕಾಲು ಗಂಟೆ. ಒಂಬತ್ತನೆಯ ದಿನ ಅವಳಿಗೆ ನೋವು ಶುರುವಾಯಿತು. ಹೊರಗೆ ಬಿಡಿ ಎಂದು ಕಾವಲುಗಾರನಿಗೆ ಕೈಮುಗಿದೆ, ಕೂಗಾಡಿದೆ. ಆತ ನಿಯಮದ ಹಾಳೆಯನ್ನು ಬಾಗಿಲ ಸಂದಿಯಿಂದ ತಳ್ಳಿದ.

ಹದಿನಾಲ್ಕು ದಿನ ಮುಗಿಸಿ ಮನೆಗೆ ಹೋದಾಗ ಮಗಳು ಹುಟ್ಟಿ ಐದು ದಿನವಾಗಿತ್ತು. ಐದು ದಿನ. ಒಂದು ಪದದ ಗತ್ತಿಗೆ ನಾನು ಕಳೆದದ್ದು ಇಪ್ಪತ್ತೆರಡು. ಲೆಕ್ಕ ಹಾಕಲು ಅನುವಾದಕನೇ ಬೇಕೆಂದಿಲ್ಲ.

ಅವಳು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಮಗು ಮಲಗಿತ್ತು. ಕೈ ತೊಳೆದುಕೊಂಡು ಬಂದು ನಿಂತೆ.

"ತುಂಬ ಕಷ್ಟ ಆಯ್ತಾ?"

ಏನಿಲ್ಲ ಬಿಡಿ ಎನ್ನುತ್ತಾಳೆ ಅಂದುಕೊಂಡೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಯ್ತು ರೀ. ತುಂಬಾನೇ ಆಯ್ತು. ನೀವು ಇರ್ಬೇಕಿತ್ತು."

"ಹೇಳು" ಎಂದು ಮಂಚದ ಪಕ್ಕ ನೆಲದ ಮೇಲೆ ಕೂತೆ.