ಇಳಿದು ಬಂದವನು

ದಾರ ಹಿಡಿದು ತಮ್ಮನ ಪಾದದ ಬಳಿ ಕೂತ ವಿಠಲ ಕೂತೇ ಇದ್ದರು. ಹೆಣದ ಎರಡೂ ಹೆಬ್ಬೆರಳು ಸೇರಿಸಿ ಕಟ್ಟುವುದು ಪದ್ಧತಿ. ಮೋಹನದಾಸನಿಗೆ ಹೆಬ್ಬೆರಳೇ ಇರಲಿಲ್ಲ. ಹೆಬ್ಬೆರಳೇನು, ಎರಡೂ ಪಾದಗಳಲ್ಲಿ ಒಂದು ಬೆರಳೂ ಇರಲಿಲ್ಲ.

“ಎಲ್ಲಿಗೆ ಕಟ್ಟುದು ಜಯಾ?” ಎಂದು ತಲೆ ಎತ್ತದೆ ಕೇಳಿದರು.

“ಪಾದಕ್ಕೇ ಸುತ್ತಿ ಕಟ್ಟಿ ಭಾವ,” ಎಂದಳು ಜಯಲತಾ. ಗಂಡನ ತಲೆಯ ಹತ್ತಿರ ಕೂತಿದ್ದ ಅವಳಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

“ಶುಗರ್ ಅಲ್ವಾ? ನಮ್ಮ ಮಾವನಿಗೂ ಹೀಗೇ ತೆಗ್ದಿದ್ರು,” ಎಂದಳು ಪಕ್ಕದ ಫ್ಲ್ಯಾಟಿನಾಕೆ. ಸಾವಿನ ಮನೆಯಲ್ಲೂ ಜನರ ಬಾಯಿ ಸುಮ್ಮನಿರುವುದಿಲ್ಲ ನೋಡಿ. ಜಯಲತಾ ಹೂಂ ಅಂದಳು.

ಶುಗರ್ ಎಂದು ಡೊಂಬಿವಲಿಯ ಈ ಬಿಲ್ಡಿಂಗಿಗೆಲ್ಲ ಹೇಳಿದವನು ಮೋಹನದಾಸನೇ. ಹೇಳಿದ ಮೇಲೆ ಆ ಸುಳ್ಳನ್ನು ಸಾಕಬೇಕಲ್ಲ! ಮಿಲಿಟರಿ ಬಿಟ್ಟು ಮಹಾಪೆಯ ಕಂಪನಿಯೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದವನು ಅಲ್ಲಿ ವರ್ಷಗಟ್ಟಲೆ ಸಪ್ಪೆ ಚಹಾ ಕುಡಿದ. ಮದುವೆ ಊಟದಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿದ. ಮನೆಗೆ ಬಂದವನೇ ಬೂಟು ಬಿಚ್ಚುವ ಮೊದಲೇ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದ, ಕಳ್ಳಬೆಕ್ಕಿನ ಹಾಗೆ. ಜಯಲತಾ ಎಷ್ಟು ನಕ್ಕಿದ್ದಳೋ. ನಿನ್ನೆ ಸಂಜೆ ಕಂಪನಿ ಬಸ್ಸು ಇಳಿದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತನಂತೆ. ಮತ್ತೆ ಏಳಲಿಲ್ಲ.

ಬೆರಳು ಹೋದದ್ದು ಹಿಮದಲ್ಲಿ ಎಂದರೆ ಜನ ಅಲ್ಲಿಗೇ ಬಿಡುತ್ತಾರೆಯೇ? ಎಲ್ಲಿ, ಯಾವ ಯುದ್ಧ, ಜೊತೆಗೆ ಯಾರಿದ್ದರು ಎಂದು ಕೆದಕುತ್ತಾರೆ. ಅದಕ್ಕಿಂತ ಶುಗರ್ ವಾಸಿ ಎಂಬುದು ಅವನ ಲೆಕ್ಕ.

ಫೋನು ಬಡಿದುಕೊಂಡಿತು. ವಾಸು. ಮೋಹನದಾಸನ ರೆಜಿಮೆಂಟಿನವನೇ, ಬೆಳಗಾವಿ ಕಡೆಯವನು, ಈಗ ಕೋಪರಖೈರಣೆಯಲ್ಲಿದ್ದಾನೆ. ಈ ಮನೆಯೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

“ವೈನಿ, ಸುದ್ದಿ ಗೊತ್ತಾತು. ನಾ ಬರಾಕತ್ತೇನಿ. ಶಾಂತಮ್ಮಾರೂ ನನ್ನ ಜೋಡಿ ಬರ್ತೇನಿ ಅಂತ ಹಟಾ ಹಿಡದಾರ. ಠಾಣೆ ದಾಟೇವಿ.”

ಶಾಂತಮ್ಮನೂ ಬರುತ್ತಾರಂತೆ ಎಂದು ಜಯಲತಾ ಭಾವನಿಗೆ ಹೇಳಿದಳು. ಶಾಂತಮ್ಮ ಎಂದರೆ ಶ್ರೀಕಂಠನ ತಾಯಿ. ಶ್ರೀಕಂಠ ಎಂದರೆ ಆ ಹಿಮದ ಗುಡ್ಡದ ಮೇಲೆ, ಮೋಹನದಾಸನ ಜೊತೆಗಿದ್ದು, ಸತ್ತ ಹುಡುಗ.

“ಯಾಕಂತೆ ಅವ್ರಿಗೆ?” ವಿಠಲ ಸಿಡುಕಿದರು. “ಇದ್ದಾಗ ಬೈದದ್ದು ಸಾಕಾಗ್ಲಿಲ್ವಾ? ಹೆಣಕ್ಕೂ ಬೈಬೇಕಾ?”

“ಮಮ್ಮಿ, ಮನಾ ಕರ್ ದೋ ನಾ,” ಎಂದಳು ಮಗಳು ನಿಶ್ಮಿತಾ, ಬೇಡ ಎಂದು ಹೇಳಿಬಿಡು ಎಂಬಂತೆ. ಅಪ್ಪನ ಕಡೆ ನೋಡದೆ ಹೇಳಿದಳು. ಅವಳು ಹಾಗೆ ಅಪ್ಪನನ್ನು ನೇರ ನೋಡುವುದು ಬಿಟ್ಟದ್ದು ಶಾಲೆಗೆ ಹೋಗುತ್ತಿದ್ದಾಗಲೇ. ಕಲ್ಯಾಣದಲ್ಲಿ ವರ್ಷಕ್ಕೊಮ್ಮೆ ಮಾಜಿ ಸೈನಿಕರು ಸೇರುತ್ತಿದ್ದರು. ಅಲ್ಲಿ ಆ ಗುಡ್ಡದ ಕತೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಕೆಲವರ ಪ್ರಕಾರ ಮೋಹನದಾಸ ಹೆದರಿ ಓಡಿ ಬಂದ. ಕೆಲವರ ಪ್ರಕಾರ ಕಾಲಿನ ನೆಪ ಹೇಳಿ ಬಂದ. ಒಳ್ಳೆಯವರ ಪ್ರಕಾರ ಆರ್ಡರ್ ಇತ್ತು, ಬಂದ. ಆ ಸಂಜೆ ಅವನು ಇಳಿದು ಬರಲೇ ಇಲ್ಲ ಎಂದವರು ಒಬ್ಬರೂ ಇಲ್ಲ. ಎಲ್ಲರಿಗಿಂತ ಗಟ್ಟಿ ದನಿ ವಾಸುವಿನದು. ಅಪ್ಪನ ಬೆರಳು ಹಿಡಿದು ಹೆಮ್ಮೆಯಿಂದ ಹೋಗಿದ್ದ ಹುಡುಗಿ ಅದನ್ನು ಕೇಳಿಸಿಕೊಂಡು ಬಂದಿದ್ದಳು.

ಇವತ್ತು ಎಲ್ಲರೆದುರು ನಿಜ ಹೇಳಿಬಿಡಬೇಕು ಎಂದು ಜಯಲತಾಳ ಜೀವ ತಹತಹಿಸಿತು. ಮೈಮೇಲಿನ ಆ ಕೊಳೆಯೊಂದಿಗೇ ಗಂಡ ಬೆಂಕಿಗೆ ಹೋಗಬೇಕೇ? ಆದರೆ ಅವಳು ಇದೇ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಳು.

*

ನಿಶ್ಮಿತಾ ಆಗ ಕೈಗೂಸು. ಚುಚ್ಚುಮದ್ದಿಗೆ ಕರೆದುಕೊಂಡು ಹೋಗಿದ್ದರು. ಸೂಜಿ ತಾಗಿದ್ದೇ ಮಗು ಕಿರುಚಿತು. ಮೋಹನದಾಸ ಅದರ ಬಾಯಿಗೆ ಅಂಗೈ ಒತ್ತಿಬಿಟ್ಟ. ನರ್ಸು ಬೈದು ಕೈ ಎಳೆದು ತೆಗೆಯಬೇಕಾಯಿತು. ಅವನು ತನ್ನ ಕೈಯನ್ನೊಮ್ಮೆ ನೋಡಿಕೊಂಡು ಹೊರಗೆ ಹೋದ. ಜಯಲತಾ ಎಲ್ಲೆಡೆ ಹುಡುಕಿದಳು, ಕೊನೆಗೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಸಿಕ್ಕ.

“ಎಂತ ಮರ್ಲು ಹಿಡ್ದಿದೆ ನಿಮಗೆ?” ಎಂದು ಜಗಳಕ್ಕೇ ನಿಂತಳು.

ಲೋಕಲ್‌ಗಳು ಬಂದು ಹೋಗುತ್ತಿದ್ದವು. ಆ ಗದ್ದಲದಲ್ಲೇ ಅವನು ಹೇಳಿದ.

“ಶ್ರೀಕಂಠನ ಹೊಟ್ಟೆಗೆ ಗುಂಡು ಬಿದ್ದಿತ್ತು ಜಯಾ. ಎತ್ತಿಕೊಂಡು ಇಳಿಯುವ ಹಾಗಿರ್ಲಿಲ್ಲ. ನೀನಾದ್ರೂ ಇಳಿದು ಬಾ ಅಂತ ಸಂಜೆ ವಯರ್‌ಲೆಸ್‌ನಲ್ಲಿ ಆರ್ಡರ್ ಬಂತು. ಆಮೇಲೆ ಆ ಸೆಟ್ಟೂ ಸತ್ತಿತು. ಕಾಗದದಲ್ಲಿ ಇರುದು ಅಷ್ಟೇ, ನಾನು ಇಳಿದೆ ಅಂತ. ನಾನು ಇಳೀಲಿಲ್ಲ.”

“ಮತ್ತೆ?”

“ಅಮ್ಮಾ ಅಂತ ಕೂಗ್ತಿದ್ದ. ದನಿ ಕೇಳಿದ ಕಡೆಗೇ ಗುಂಡು ಬರ್ತಿತ್ತು. ಅವನ ತಲೆ ತೊಡೆ ಮೇಲಿಟ್ಟು ಬಾಯಿ ಮುಚ್ಚಿ ಕೂತೆ. ಬೆಳಕಾದ ಮೇಲೆ ಕೈ ತೆಗ್ದೆ. ಯಾವಾಗ ಹೋದ ಅಂತ ಗೊತ್ತಿಲ್ಲ. ಗಾಯದಿಂದ ಹೋದ್ನಾ, ಚಳಿಯಿಂದ ಹೋದ್ನಾ, ನನ್ನ ಕೈಯಿಂದ ಹೋದ್ನಾ... ಗೊತ್ತಿಲ್ಲ ಜಯಾ.”

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿದ್ದ ಶ್ರೀಕಂಠನ ಮನೆಗೆ ಹೋಗಿದ್ದ, ಎಲ್ಲವನ್ನೂ ಹೇಳಿಬಿಡಬೇಕೆಂದೇ. ಶಾಂತಮ್ಮ ಬಾಗಿಲಲ್ಲೇ ಕೇಳಿದ್ದರು, ನನ್ನ ಮಗ ಕೊನೆಗೆ ಏನಂದ ಎಂದು. ಅವನ ಬಾಯಿಂದ ಬಂದದ್ದು, ನಾನಿರಲಿಲ್ಲ ಅಮ್ಮಾ, ಸಂಜೆಯೇ ಇಳಿದು ಬಂದೆ ಎಂಬ ಮಾತು. ನನ್ನ ಮಗೂನ ಒಂಟಿಯಾಗಿ ಬಿಟ್ಟು ಬಂದ್ಯಲ್ಲೋ, ನಿನಗೆ ಒಳ್ಳೇದಾಗಲ್ಲ ಎಂದು ಆಕೆ ಬೀದಿಯವರೆಲ್ಲ ಸೇರುವ ಹಾಗೆ ಶಪಿಸಿದರು. ಇವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡು ಬಂದ.

“ಇದ್ದೆ ಅಂದ್ರೆ ಅಲ್ಲಿಗೇ ನಿಲ್ಲುದಿಲ್ಲ,” ಎಂದ ಮೋಹನದಾಸ. “ಮಾತು ಕೈಯ ತನಕ ಬರ್ತದೆ. ಆ ತಾಯಿಗೆ ಅದು ಬೇಡ. ನನ್ನನ್ನು ಬೈದುಕೊಂಡಾದ್ರೂ ಬದುಕ್ಲಿ.” ಮಗುವಿನ ತಲೆಯ ಮೇಲೆ ಹೆಂಡತಿಯ ಕೈ ಇಡಿಸಿ ಮಾತು ತೆಗೆದುಕೊಂಡ.

*

ಶಾಂತಮ್ಮ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ವಾಸು ರಟ್ಟೆ ಹಿಡಿದುಕೊಂಡಿದ್ದ. ಕೋಣೆಯಲ್ಲಿದ್ದವರು ಜಾಗ ಬಿಟ್ಟರು. ವಾಸು ಹೆಣದ ಪಾದಕ್ಕೆ ಕೈ ಮುಗಿಯಲು ಬಗ್ಗಿದವನು ಬಗ್ಗಿದಲ್ಲೇ ನಿಂತ.

“ಇದೇನಿದು? ಒಂದು ಬೆರಳು ಹೋಗೇತಿ ಅಂತ ಕೇಳಿದ್ದೆ ನಾ.” ಅವನು ಆ ಪಾದದ ಮೇಲೆ ಕೈಯಾಡಿಸಿದ. “ಇದು ಸಂಜೀಗೇ ಇಳದು ಬಂದಾವನ ಕಾಲಲ್ಲ ವೈನಿ. ನಾವು ಹಿಮಾ ಕಂಡಾವ್ರು. ಇದು ರಾತ್ರಿ ಎಲ್ಲಾ ಅಲ್ಲಾಡದ ಕುಂತಾವನ ಕಾಲು.”

ನಿಶ್ಮಿತಾ ತಟ್ಟನೆ ತಲೆ ಎತ್ತಿದಳು. ಶಾಂತಮ್ಮ ಜಯಲತಾಳ ಎದುರಿಗೆ ಕುಸಿದು ಕೂತರು.

“ನಿಜ ಹೇಳು ತಾಯಿ. ಇವನು ಅಲ್ಲೇ ಇದ್ನಾ?”

ಒಂದು ಮಾತು. ಹೌದು ಎಂದರೆ ಮುಗಿಯಿತು, ಮಗಳಿಗೆ ಅಪ್ಪ ಸಿಗುತ್ತಾನೆ. ಆದರೆ ಆ ಒಂದು ಮಾತಿನ ಹಿಂದೆಯೇ ಇನ್ನೊಂದು ಬರುತ್ತದೆ, ಕೊನೆಗೆ ಕೈ ಬರುತ್ತದೆ. ಜಯಲತಾ ಕಣ್ಣು ಮುಚ್ಚಿಕೊಂಡಳು.

“ಇಲ್ಲ ಅಮ್ಮಾ. ಸಂಜೆಯೇ ಇಳಿದು ಬಂದಿದ್ರು.”

ನಿಶ್ಮಿತಾ ಗೋಡೆಯ ಕಡೆ ತಿರುಗಿದಳು. ಅದನ್ನು ನೋಡಲಾಗದೆ ಜಯಲತಾಳಿಗೆ ಸತ್ತೇಹೋಗಬೇಕು ಅನ್ನಿಸಿತು.

ಶಾಂತಮ್ಮ ಬೈಯಲಿಲ್ಲ. ಆಗಷ್ಟೇ ಅವರ ಮುಖದಲ್ಲಿ ಹೊತ್ತಿಕೊಂಡಿದ್ದ ಆಸೆ ಆರಿಹೋಯಿತು.

“ಅಷ್ಟೇನಾ...” ಎಂದರು. “ನಾನು ಜಗಳಕ್ಕೆ ಬಂದಿದ್ದಲ್ಲ ಕಣಮ್ಮ. ಮಗ ಹೋದ ಅನ್ನೋದಕ್ಕೆ ಯಾವತ್ತೋ ಸಮಾಧಾನ ತಂದ್ಕೊಂಡೆ. ಹೋಗೋವಾಗ ಹತ್ರ ಯಾರೂ ಇರ್ಲಿಲ್ವಲ್ಲ, ಅದೊಂದೇ. ತುತ್ತು ಎತ್ತಿದ್ರೆ ಅದೇ, ಕಣ್ಣು ಮುಚ್ಚಿದ್ರೆ ಅದೇ. ಯಾರಾದ್ರೂ ಒಬ್ರು ಮೈ ಮುಟ್ಕೊಂಡು ಕೂತಿದ್ರು ಅಂತ ಹೇಳಿದ್ದಿದ್ರೆ ಸಾಕಿತ್ತು ನಂಗೆ. ಹ್ಯಾಗೆ ಹೋದ ಅಂತ ಕೂಡ ಕೇಳ್ತಿರ್ಲಿಲ್ಲ.”

ಜಯಲತಾ ಗಂಡನ ಮುಖ ನೋಡಿದಳು. ಅಯ್ಯೋ ದೇವರೇ! ಏನು ಮಾಡಿಬಿಟ್ಟಿರಿ ನೀವು! ಆ ತಾಯಿಯನ್ನು ಉಳಿಸಲು ಹೋಗಿ, ಇಷ್ಟು ವರ್ಷ ಆಕೆಗೆ ಕೊಟ್ಟದ್ದು ಇದನ್ನಾ? ಜಯಲತಾಳಿಗೆ ಗಂಡನ ಮೇಲೆ ಎಂದೂ ಬಾರದ ಸಿಟ್ಟು ಬಂತು. ಹೆಣ ಹಿಡಿದು ಅಲುಗಿಸಿ ಕೇಳಬೇಕು ಅನ್ನಿಸಿತು.

“ಇದ್ರು,” ಎಂದಳು. “ಸುಳ್ಳು ಹೇಳಿದೆ ಅಮ್ಮಾ. ಇದ್ರು. ಬಾ ಅಂತ ಕರೆದ್ರೂ ಇಳೀಲಿಲ್ಲ. ರಾತ್ರಿಯಿಡೀ ಜೊತೆಗೇ ಕೂತಿದ್ರು.”

“ಮುಟ್ಕೊಂಡಿದ್ನಾ?”

“ತಲೆ ತೊಡೆ ಮೇಲೆ ಇಟ್ಕೊಂಡಿದ್ರು. ಕೈ...” ಜಯಲತಾ ಗಂಡನ ಕೈ ನೋಡಿದಳು. “ಕೈ ನಿಮ್ಮ ಮಗನ ಮುಖದ ಮೇಲೇ ಇತ್ತು. ಬೆಳಗಾಗುವ ತನಕ ತೆಗೀಲಿಲ್ಲ.”

“ಏನಾದ್ರೂ ಅಂದ್ನಾ ಮಗು?”

“ಅಮ್ಮಾ ಅಂದ್ನಂತೆ.”

ಶಾಂತಮ್ಮ ಸೆರಗು ಕಚ್ಚಿ ಹಿಡಿದು ಅತ್ತರು. ವಾಸು ಗೋಡೆಗೆ ಹಣೆ ಹಚ್ಚಿ ನಿಂತ. “ಪಪ್ಪಾ,” ಎಂದಳು ನಿಶ್ಮಿತಾ, ಉತ್ತರ ಬರುತ್ತದೆಯೋ ಎಂಬಂತೆ. ಆಮೇಲೆ ಅಪ್ಪನ ಎದೆಯ ಮೇಲೆ ಮುಖವಿಟ್ಟು, “ಮುಝೆ ತೋ ಬತಾತೇ, ನನಗಾದ್ರೂ ಹೇಳ್ಬೇಕಿತ್ತಲ್ಲ ಪಪ್ಪಾ,” ಎಂದು ಬಿಕ್ಕಿದಳು. ಅವಳನ್ನು ಎಬ್ಬಿಸಲು ವಿಠಲರಿಗೆ ಧೈರ್ಯ ಬರಲಿಲ್ಲ. ಕೆಳಗೆ ಡ್ರೈವರ್ ಮತ್ತೆ ಮತ್ತೆ ಹಾರ್ನ್ ಹಾಕಿದ.

ಚಟ್ಟ ಇಳಿಸಿ ವ್ಯಾನಿಗೆ ಏರಿಸಿದರು. ಹೆಂಗಸರು ಸುಡುಗಾಡಿಗೆ ಬರುವುದಿಲ್ಲ. ಗೇಟಿನ ಹತ್ತಿರವೇ ನಿಲ್ಲಬೇಕು. ಶಾಂತಮ್ಮ ನಿಲ್ಲಲಿಲ್ಲ. ವ್ಯಾನಿನ ಹಿಂಬಾಗಿಲ ಕಬ್ಬಿಣ ಹಿಡಿದು ಕಾಲೆತ್ತಿದರು.

“ಅಮ್ಮಾ, ನೀವೆಂತ...” ವಿಠಲ ಅಡ್ಡ ಬಂದರು.

“ಒಬ್ನೇ ಹೋಗ್ಬಾರ್ದು ಕಣಪ್ಪ,” ಎಂದರು ಶಾಂತಮ್ಮ.

ವಾಸು ಅವರನ್ನು ಎತ್ತಿ ಒಳಗೆ ಕೂರಿಸಿದ. ಹಿಂದೆಯೇ ನಿಶ್ಮಿತಾ ಹತ್ತಿದಳು. ವ್ಯಾನು ಹೊರಟಿತು. ಗೇಟಿನ ಆಚೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ಗೇಟು ಹಿಡಿದು ನಿಂತ ಜಯಲತಾಳಿಗೆ ಹಿಂದಿನ ಗಾಜಿನಲ್ಲಿ ಕಂಡದ್ದು ಇಷ್ಟು: ಮುದುಕಿ ಮೋಹನದಾಸನ ತಲೆಯನ್ನು ತೊಡೆಗೆ ಎಳೆದುಕೊಂಡಿದ್ದರು, ಚಕ್ರ ಒಂದೊಂದು ಹೊಂಡಕ್ಕೆ ಇಳಿದಾಗಲೂ ಆ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.