ಐದು ಸಾವಿರದ ನಲವತ್ತು ಎಳೆ

“ನೂಲಿನ ಹಾಸು ಕುಯ್ದುಬಿಡೋಣ ಅತ್ಗೇ. ಮಗ್ಗ ಬಿಚ್ಚಿದ್ರೆ ತಾನೇ ಅಣ್ಣನ್ನ ಮಲಗ್ಸೋಕೆ ಜಾಗ?”

ಕುಪ್ಪಸಾಮಿ ಕತ್ತರಿ ಹಿಡಿದೇ ನಿಂತಿದ್ದ. ತಮಿಳುನಾಡಿನ ಅವಿನಾಶಿ ಊರಿನ ಆ ಮನೆಯಲ್ಲಿ ನಡುಮನೆಯ ಮುಕ್ಕಾಲು ಪಾಲು ಮಗ್ಗದ್ದೇ. ಆಸ್ಪತ್ರೆಯಿಂದ ತಂದ ಲಿಂಗಪ್ಪನ್ ದೇಹ ಇನ್ನೂ ಬೀದಿಯಲ್ಲಿ, ವ್ಯಾನಿನೊಳಗಿತ್ತು.

“ಅರ್ಧ ಸೀರೆ ನೆಯ್ದಿದ್ದಾರೆ,” ಎಂದಳು ಲಿಂಗಪ್ಪನ್ ಹೆಂಡತಿ ಚಂದ್ರಾ.

“ಅಯ್ಯೋ, ಅದು ಕೆಟ್ಟ ಹಾಸು. ಈಗ ನೋಡ್ದೆ. ಎರಡು ಎಳೆ ಹಣಿಗೆಗೇ ಪೋಣಿಸಿಲ್ಲ, ಹಿಂದ್ಗಡೆ ಕಟ್ಟಿಟ್ಟಿದ್ದಾನೆ. ಪಾವಂ, ಕಣ್ಣು ಹೋಗಿತ್ತು ಅಣ್ಣಂಗೆ.”

“ಎರಡಾ?”

“ಎರಡೇ. ಯಾಕೆ?”

*

ಲಿಂಗಪ್ಪನ್ ಹಾಸಿನಲ್ಲಿ, ಮಗ್ಗಕ್ಕೆ ಉದ್ದುದ್ದ ಬಿಗಿದ ನೂಲಿನಲ್ಲಿ, ಯಾವಾಗಲೂ ಐದು ಸಾವಿರದ ನಲವತ್ತು ಎಳೆ. ಮನೆಗೆ ಬಂದವರಿಗೆಲ್ಲ ಅದರದೇ ಗುಣಗಾನ.

“ಎರಡು ಪಟ್ಟೆ ಕೇಳಿ, ಏಳು ಕೇಳಿ, ಹತ್ತರವರೆಗೂ ಎಷ್ಟು ಕೇಳಿದ್ರೂ ಸಮಪಾಲು. ಅದೇ ಒಂದೆಳೆ ತೆಗೆದು ನೋಡಿ! ಮಿಕ್ಕಿದ್ದು ಎರಡಕ್ಕೂ ಇಲ್ಲ, ನೂರಕ್ಕೂ ಇಲ್ಲ, ಯಾರಿಗೂ ಸರಿಯಾಗಿ ಹಂಚೋಕಾಗಲ್ಲ. ಬಂಗಾರದಂಥ ಸಂಖ್ಯೆ. ಹನ್ನೊಂದಕ್ಕೆ ಮಾತ್ರ ಹಟ. ಎರಡೆಳೆ ಮಿಗಿಸಿಬಿಡ್ತದೆ.”

ಒಮ್ಮೆ ಬೀಗರ ಮುಂದೆ, ಊಟದ ಹೊತ್ತಿನಲ್ಲಿ, ಇದೇ ಪುರಾಣ. ಸಾರು ಬಡಿಸುತ್ತಿದ್ದ ಚಂದ್ರಾ ಅಂದಳು:

“ಆ ಎರಡನ್ನ ಕಿತ್ತು ಬಿಸಾಕಿ. ಹನ್ನೊಂದೂ ಕೂರುತ್ತೆ.”

ಬೀಗರು ಎಲೆ ಮುಂದೆ ಬಿದ್ದು ಬಿದ್ದು ನಕ್ಕರು. ಲಿಂಗಪ್ಪನ್ ನಗಲಿಲ್ಲ.

“ಕಿತ್ತು ಬಿಸಾಕೋದು ಹಂಚೋದಲ್ಲ,” ಎಂದು ಎದ್ದು ಕೈ ತೊಳೆದ.

ಆಮೇಲೆ ಅವಳೆದುರು ಆ ಸಂಖ್ಯೆಯ ಮಾತೇ ಎತ್ತಲಿಲ್ಲ. ಅಲ್ಲಿಯವರೆಗೆ ಎಳೆ ಕಡಿದರೆ ಬೆರಳಿಗೆ ಬೂದಿ ಹಚ್ಚಿಕೊಂಡು ಹುರಿ ಮಾಡಿ ಕೂಡಿಸುತ್ತಿದ್ದವಳು ಅವಳು. ಅದನ್ನೂ ಅವನೇ ಮಾಡಿಕೊಳ್ಳತೊಡಗಿದ. ಅವಳು ನೂಲಿನ ಕುಕ್ಕೆಯನ್ನು ಮಗ್ಗದ ಗುಂಡಿಯ ಅಂಚಿನಲ್ಲಿಟ್ಟು ಅಡುಗೆಮನೆಗೆ ತಿರುಗುವಳು. ನಾಳೆ ಪಕ್ಕದಲ್ಲಿ ಹೋಗಿ ಕೂತರಾಯಿತು ಅಂದುಕೊಳ್ಳುವಳು. ಹಾಗೇ ವರ್ಷಗಳು ಹೋದವು.

*

ಚಂದ್ರಾ ಮಗ್ಗ ಸುತ್ತಿ ಹಿಂದಕ್ಕೆ ಹೋದಳು. ಎರಡೆಳೆಗಳನ್ನು ಕಿತ್ತಿರಲಿಲ್ಲ, ಬಿಸಾಕಿಯೂ ಇರಲಿಲ್ಲ. ನೀಟಾಗಿ ಸುರುಳಿ ಸುತ್ತಿ ಮಗ್ಗದ ಮರಕ್ಕೆ ಕಟ್ಟಿದ್ದ. ಮುಂದೆ ಬಂದು ನೆಯ್ದ ಬಟ್ಟೆ ಸವರಿದಳು. ಮೆಣಸಿನಕಾಯಿ ಕೆಂಪು, ಸಾಸಿವೆ ಹಳದಿ, ಮತ್ತೆ ಕೆಂಪು. ಬೆರಳಿಟ್ಟು ಪಟ್ಟೆ ಎಣಿಸಿದಳು. ಕೊನೆಯ ಕೆಂಪು ಹನ್ನೊಂದನೆಯದು. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲ ಒಂದೇ ಅಗಲ.

“ನಂಗೆ ಹೇಳಲೇ ಇಲ್ವಲ್ಲ,” ಎಂದಳು, ಬಟ್ಟೆಗೆ.

“ಅತ್ಗೇ?”

“ಕತ್ತರಿ ಒಳಗಿಡು ತಂಬೀ.”

“ಮತ್ತೆ ಅಣ್ಣ?”

“ಗೋಡೆ ಪಕ್ಕ ಮಲಗ್ಸಿ. ಬದುಕಿದ್ದಾಗ್ಲೂ ಅಲ್ಲೇ ತಾನೇ ಮುದುಡ್ಕೊಂಡು ಮಲಗ್ತಿದ್ದದ್ದು.”

ಮಧ್ಯಾಹ್ನ ಎತ್ತುವಾಗ ಚಟ್ಟದ ಬಿದಿರು ಮಗ್ಗದ ಎಳೆಗಳಿಗೆ ತಗುಲಿ ಒಂದು ಕಡಿಯಿತು. ಆ ಗದ್ದಲದಲ್ಲೂ ಚಂದ್ರಾ ತಿರುಗಿ ನೋಡಿದಳು.

“ಬಿಡಮ್ಮಾ,” ಎಂದ ಹೆಗಲು ಕೊಟ್ಟಿದ್ದ ಮಗ ಇಳಂಗೋ. “ಇನ್ಯಾರು ನೇಯೋರು ಅದನ್ನ?”

“ನೀ ನಡಿ. ಅಪ್ಪಂಗೆ ಲೇಟಾಗ್ತದೆ.”

ತಮಟೆಯ ಸದ್ದು ಬೀದಿ ತಿರುವಿನಾಚೆ ಸಣ್ಣದಾಯಿತು. ಹೆಂಗಸರು ಮನೆ ತೊಳೆಯಲು ನೀರು ತರಹೋದರು. ಲಿಂಗಪ್ಪನ್ ತಲೆಯಿದ್ದ ಕಡೆ ದೀಪ, ವಿಭೂತಿಯ ತಟ್ಟೆ ಹಾಗೇ ಇದ್ದವು. ಚಂದ್ರಾ ತಟ್ಟೆಗೆ ಬೆರಳದ್ದಿ ಮಗ್ಗದ ಬಳಿ ಕೂತಳು, ಕಡಿದ ಎರಡು ತುದಿ ಹುಡುಕಿ ಹೊಸೆದಳು. ಹುರಿ ಬಿಚ್ಚಿಕೊಂಡಿತು.

ಮತ್ತೆ ತಟ್ಟೆಗೆ ಬೆರಳದ್ದಿದಳು.